ಕಡಕ್ ರೊಟ್ಟಿ ಗೀರಿದ ಡಿಸ್ಕ್

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಹದಗೆಡತೊಡಗಿತು. ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಪೀರಿಯಡ್ ಮುಗಿಯಲು ಇನ್ನೆಷ್ಟು ಹೊತ್ತಿದೆ ಎಂದು ಗಡಿಯಾರ ನೋಡಿ ನೋಡಿ ಮೇಷ್ಟರುಗಳಿಗೆ ಅದೊಂದು ಚಟವಾಗಿಬಿಡುತ್ತದೆ. ಆ ಭಾನುವಾರವೂ ಶಹಾಬಾದದ ಒಂದು ಕಲ್ಲಿನ ಯಾರ್ಡಿನಲ್ಲಿ ನಿಂತು ಗಡಿಯಾರ ನೋಡಿಕೊಂಡೆ. ಊರಿಗೆ ಹೋಗುವ ರೈಲಿಗೆ ಇನ್ನೂ ಹೊತ್ತಿದೆ ಎಂದುಕೊಂಡೆ. ಆಮೇಲೆ ಬಾಯಿ ತೆರೆದು ಒಂದು ಮಾತು ಹೇಳಿದೆ. ಆ ಮಾತಿನಿಂದ ಗೆಳೆಯನೊಬ್ಬನ ಕಣ್ಣು ಹೋಗುವುದರಲ್ಲಿತ್ತು.

ಇದಾಗಿ ಎಂಟು ತಿಂಗಳು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಹೋದ ವಾರ ಸೇಡಂನಲ್ಲಿ ನಮ್ಮ ಎದುರುಮನೆಯವರು ಅಂಗಳಕ್ಕೆ ಫರಸಿ ಕಲ್ಲು ಹಾಸಿದರು. ಪಾಲಿಶ್ ಮಾಡುವವನು ನೀರು ಚೆಲ್ಲಿ ಮಷಿನ್ ಶುರು ಮಾಡಿದ. ಒದ್ದೆ ಕಲ್ಲಿನ ಆ ವಾಸನೆ ನಿಮಗೆ ಗೊತ್ತಿರಬಹುದು, ಹೊಸ ಸ್ಲೇಟನ್ನು ಒರೆಸಿದಾಗ ಬರುವಂಥದು. ಬೇರೆ ದಿನವಾಗಿದ್ದರೆ ಮೂಗು ಅರಳಿಸಿ ನಿಲ್ಲುತ್ತಿದ್ದೆ. ಆ ದಿನ ಚಹಾದ ಕಪ್ಪನ್ನು ಅಲ್ಲಿಯೇ ಬಿಟ್ಟು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡೆ. ಮಕ್ಕಳಿಗೆ ಗುಡುಗು ಸಿಡಿಲಿನ ಭಯ ಬೇಡ ಎಂದು ಪಾಠ ಮಾಡುವ ವಿಜ್ಞಾನದ ಮೇಷ್ಟ್ರು ನಾನು, ಬಕೆಟ್ಟಿನ ಪಕ್ಕ ಇಪ್ಪತ್ತು ನಿಮಿಷ ಕೂತಿದ್ದೆ.

ನಮ್ಮದು ಒಂದು ವಿಚಿತ್ರ ಬಳಗ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳಲ್ಲಿ ಹರಡಿಕೊಂಡ, ವಯಸ್ಸಾದರೂ ವಿಡಿಯೋ ಗೇಮ್ ಬಿಡದ ಕೆಲವರು. ಟಿವಿಗೆ ಜೋಡಿಸಿ ಆಡುವ ಆ ಡಬ್ಬಿಗಳಲ್ಲಿ ಎರಡು ದೊಡ್ಡ ಕಂಪನಿಗಳಿವೆಯಲ್ಲ, ಅವುಗಳ ಹೆಸರು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಒಂದು ಕರಿ ಡಬ್ಬಿ, ಇನ್ನೊಂದು ಬಿಳಿ ಡಬ್ಬಿ. ಕರಿ ಡಬ್ಬಿಗೆ ಡಿಸ್ಕ್ ನುಂಗುವ ಬಾಯಿಯುಂಟು. ಬಿಳಿ ಡಬ್ಬಿಗೆ ಬಾಯಿಯೇ ಇಲ್ಲ, ಆಟವೆಲ್ಲ ನೆಟ್ಟಿನಿಂದ ಇಳಿಯಬೇಕು.

ಕರಿ ಡಬ್ಬಿಯವರದು ಒಂದು ಪದ್ಧತಿ. ಒಬ್ಬರು ಡಿಸ್ಕ್ ಕೊಂಡರೆ ಅದು ಐದೂರು ಸುತ್ತಬೇಕು. ಸೇಡಂನಿಂದ ಶಹಾಬಾದದವರೆಗೆ ರೈಲಿನಲ್ಲಿ, ಚಿಂಚೋಳಿಗೆ ಬಸ್ಸಿನಲ್ಲಿ, ಯಾರಾದರೂ ಹೋಗುವವರ ಊಟದ ಡಬ್ಬಿಯ ಜೊತೆ. ಆಡಿ ಮುಗಿಸಿದವರು ಕವರಿನ ಒಳಗಿನ ಕಾಗದದ ಮೇಲೆ ತಮ್ಮ ಹೆಸರು, ಊರು ಬರೆದು ಮುಂದಕ್ಕೆ ಕಳಿಸಬೇಕು. ಕೆಲವರು ಜೊತೆಗೊಂದು ಟಿಪ್ಪಣಿಯನ್ನೂ ಬರೆಯುತ್ತಿದ್ದರು. ‘ಮೂರನೇ ಸೇತುವೆ ಬಲ್ಲಿ ಎಡಕ್ ಹೊಳ್ಳಬ್ಯಾಡ್ರಿ, ಸಾಯ್ತೀರಿ’ ಎಂದು ಚಿತ್ತಾಪುರದಿಂದ ಬಂದ ಎಚ್ಚರಿಕೆ ನನ್ನನ್ನು ಒಂದು ವಾರದ ಕಷ್ಟದಿಂದ ಉಳಿಸಿದ್ದುಂಟು.

ಕರಿ ಪಾರ್ಟಿಯ ಮುಖಂಡ ಶಹಾಬಾದದ ಬಸಣ್ಣ, ಫರಸಿ ಯಾರ್ಡಿನ ಮಾಲೀಕ. ಬಸಣ್ಣನ ಕಿವಿ ಆ ಸುತ್ತಿನಲ್ಲೆಲ್ಲ ಹೆಸರುವಾಸಿ. ಫರಸಿಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ಬಡಿದರೆ ಸಾಕು, ಒಳಗೆ ಕಣ್ಣಿಗೆ ಕಾಣದ ಬಿರುಕು ಇದ್ದರೆ ಹೇಳಿಬಿಡುತ್ತಿದ್ದ. ಪಕ್ಕದ ಯಾರ್ಡಿನಲ್ಲಿ ಕಲ್ಲು ಕೊಯ್ಯುವ ಗರಗಸ ಕಿರುಚುತ್ತಿರುವಾಗಲೂ ಅವನಿಗೆ ಅದು ಕೇಳುತ್ತಿತ್ತು. ಬಿಳಿ ಪಾರ್ಟಿಗೆ ಇದ್ದವನು ಒಬ್ಬನೇ, ವಾಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟ ಅಂಬರೀಶ. ಒಬ್ಬನೇ ಆದರೂ ಹತ್ತು ಜನರ ಬಾಯಿ.

‘ಕೈಯಾಗ ಹಿಡಿಲಿಕ್ಕಿ ಬರದಿದ್ದು ನಂದು ಅಂತ ಹ್ಯಾಂಗ ಅನ್ನಲಿ?’ ಇದು ಬಸಣ್ಣ. ‘ನಾಳೆ ನಿನ್ನ ಕಂಪನಿಯವ ಬಾಗಲಾ ಹಾಕ್ಕೊಂಡ್ ಹೋದ. ನಿನ್ನ ಆಟ ಎಲ್ಲಿ ಹುಡುಕ್ತಿ, ಗಾಳಿಯಾಗ?’

‘ನಿನ್ನ ಡಬ್ಬಿ ಆ ತಟ್ಟಿ ನುಂಗಿ ಉಗುಳಲಿಲ್ಲಂದ್ರ? ಡಬ್ಬಿ ಹೊಟ್ಟಿ ಕೊಯ್ತಿಯೇನು? ಲಗ್ನದ ಕ್ಯಾಸೆಟ್ ಮಂದಿ ನೀವು. ಹೊಸಾ ಜಮಾನಾಕ್ಕ ಬರ್ರೋ!’

ಆ ಎರಡು ಕಂಪನಿಗಳಿಗೆ ಶಹಾಬಾದ ಎಲ್ಲಿದೆ, ವಾಡಿ ಎಲ್ಲಿದೆ ಎಂದು ಗೊತ್ತಿರುವ ಸಂಭವವೇ ಇಲ್ಲ. ಆದರೂ ಕರಿ ಕಂಪನಿಯ ಬಗ್ಗೆ ಯಾರಾದರೂ ಕೊಂಕು ನುಡಿದರೆ ಬಸಣ್ಣನ ಮುಖ ಮನೆತನಕ್ಕೆ ಬೈಸಿಕೊಂಡವನ ಹಾಗೆ ಕೆಂಪಾಗುತ್ತಿತ್ತು. ಅಂಬರೀಶನಂತೂ ಅಂಗಡಿಯ ಶಟರಿಗೆ ಬಿಳಿ ಬಣ್ಣ ಬಳಿಸಿದ್ದ. ಸಿಮೆಂಟ್ ಕಾರ್ಖಾನೆಯ ಊರಿನಲ್ಲಿ ಬಿಳಿ ಬಣ್ಣ! ಮೂರೇ ದಿನಕ್ಕೆ ಅದು ಬೂದಿಬಣ್ಣಕ್ಕೆ ತಿರುಗುತ್ತಿತ್ತು, ಅವನು ಮತ್ತೆ ಒರೆಸುತ್ತಿದ್ದ. ಮನುಷ್ಯ ತನಗೆ ಏನೂ ಕೊಡದ ವಸ್ತುವಿನ ಪರವಾಗಿ ಯಾಕೆ ಇಷ್ಟು ಜಗಳವಾಡುತ್ತಾನೆ ಎಂಬುದು ನನಗೆ ಬಲು ದೊಡ್ಡ ಕುತೂಹಲ. ನನ್ನ ಮನೆಯಲ್ಲಿದ್ದದ್ದು ಹಳೆಯ ಕರಿ ಡಬ್ಬಿಯೇ. ಆದರೆ ನಾನು ನಿಜವಾಗಿ ಆ ಜಗಳ ಕೇಳಲೆಂದೇ ರೈಲು ಹತ್ತುತ್ತಿದ್ದೆ. ಜಗಳ ತಣ್ಣಗಾದರೆ ನಡುವೆ ಒಂದು ಪ್ರಶ್ನೆ ಹಾಕುತ್ತಿದ್ದೆ, ಒಲೆಗೆ ಒಂದು ಕಟ್ಟಿಗೆ ಇಟ್ಟ ಹಾಗೆ.

ಆ ಭಾನುವಾರದ ಜಗಳಕ್ಕೆ ಕಾರಣ ಒಂದು ರೊಟ್ಟಿ. ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದಲ್ಲಿ ನಮ್ಮ ಗೆಳೆಯನೊಬ್ಬನಿದ್ದಾನೆ. ಬಸಣ್ಣನ ಹೊಸ ಡಿಸ್ಕಿನ ಕವರು ಅವನ ಮನೆಯಲ್ಲಿ ಒಡೆಯಿತು. ಅವನ ತಾಯಿ, ಪಾಪ, ಡಿಸ್ಕ್ ಜೋಪಾನವಾಗಿ ಹೋಗಲೆಂದು ಅದನ್ನು ಬುತ್ತಿಯೊಳಗೆ ಎರಡು ಕಡಕ್ ಜೋಳದ ರೊಟ್ಟಿಗಳ ನಡುವೆ ಇಟ್ಟು ಕಟ್ಟಿದರು. ಕಡಕ್ ರೊಟ್ಟಿ ಮುರಿದಿದ್ದನ್ನು ನೀವು ಕಂಡಿರಬಹುದು. ಅದು ಗೀರಬಹುದು ಎಂದು ಯಾರಿಗೆ ಗೊತ್ತಿತ್ತು? ಬಸ್ಸು ಕುಣಿದು ಕುಣಿದು ಬರುವಷ್ಟರಲ್ಲಿ ಡಿಸ್ಕಿನ ಮೇಲೆ ರೊಟ್ಟಿಯ ಸುಟ್ಟ ಕಲೆಗಳೇ ಮೂಡಿದವೇನೋ ಅನ್ನುವ ಹಾಗೆ ಗೀರುಗಳು. ಕರಿ ಡಬ್ಬಿ ಅದನ್ನು ನುಂಗಿತು, ಗೊರಗೊರ ಎಂದಿತು, ಉಗುಳಿತು.

ಅಂಬರೀಶ ನಕ್ಕು ನಕ್ಕು ಫರಸಿಯ ಅಟ್ಟಿಯ ಮೇಲೆ ಕುಳಿತುಬಿಟ್ಟ. ‘ರೊಟ್ಟಿಗಿ ಸೋತ ಡಿಸ್ಕ್! ನನ್ನ ಆಟಕ್ಕ ರೊಟ್ಟಿ ಏನ್ ಮಾಡ್ತದ ಹೇಳು, ಶೇಂಗಾ ಹಿಂಡಿ ಏನ್ ಮಾಡ್ತದ ಹೇಳು!’

‘ಬಾಯಿ ಮುಚ್ಚು. ಶಹಾಬಾದದಾಗ ಪಾಲಿಶ್ ಆಗಲಾರದ್ದು ಏನದ?’ ಎಂದ ಬಸಣ್ಣ.

ಇದು ಜಂಬದ ಮಾತಲ್ಲ, ಆ ಊರಿನ ನಂಬಿಕೆ. ಒರಟು ಬಂಡೆ ಕನ್ನಡಿಯಾಗುವುದನ್ನು ದಿನವೂ ನೋಡುವವರಿಗೆ ಜಗತ್ತಿನ ಎಲ್ಲ ಗೀರೂ ಉಜ್ಜಿದರೆ ಹೋಗುವಂಥದು. ಬಸಣ್ಣ ಪಾಲಿಶ್ ಪುಡಿಯನ್ನು ನೀರಿನಲ್ಲಿ ಕಲೆಸಿ ಬಟ್ಟೆಯಿಂದ ಉಜ್ಜತೊಡಗಿದ. ಸಣ್ಣ ಗೀರುಗಳು ನಿಜಕ್ಕೂ ಮಾಸಿದವು, ದೊಡ್ಡವು ಉಳಿದವು. ಅಂಬರೀಶ ಕೆಣಕುತ್ತಲೇ ಇದ್ದ: ‘ಹಿಂಗ ಉಜ್ಜಕೋತ ಕುಂತ್ರ, ನೀ ಮುಗಿಸೂದ್ರಾಗ ಹೊಸಾ ಡಬ್ಬಿ ಮಾರ್ಕೆಟಿಗಿ ಬರ್ತದ ನೋಡು.’

ಮೂಲೆಯಲ್ಲಿ ಅಂಚು ತಿಕ್ಕುವ ಕೈಗ್ರೈಂಡರ್ ಇತ್ತು. ನಾನು ಅದನ್ನು ನೋಡಿದೆ, ಡಿಸ್ಕಿನ ನಡುವಿನ ತೂತನ್ನು ನೋಡಿದೆ. ಗಡಿಯಾರ ನೋಡಿದೆ. ಪಕ್ಕದ ಯಾರ್ಡಿನ ಗರಗಸ ಓಡುತ್ತಿತ್ತು, ಹಾಗಾಗಿ ದನಿ ಎತ್ತಿ ಹೇಳಿದೆ: ‘ಗ್ರೈಂಡರಿಗೆ ಈ ತೂತು ಬರೋಬ್ಬರಿ ಕೂಡ್ತದಲ್ಲ? ಡಿಸ್ಕೇ ತಿರುಗಿದ್ರ ಬಟ್ಟಿ ಹಿಡಿದ್ರ ಸಾಕು.’

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು ನಾನು. ವೇಗವಾಗಿ ತಿರುಗುವ ವಸ್ತುವಿನ ಅಂಚು ಹೊರಗೆ ಎಳೆಯುತ್ತದೆ, ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು ಎಂದು ಬೋರ್ಡಿನ ಮೇಲೆ ಬರೆದು ತೋರಿಸುವವನು. ಆ ಗಳಿಗೆಯಲ್ಲಿ ಅದು ನೆನಪಾಗಲಿಲ್ಲವೇ? ಎಂಟು ತಿಂಗಳು ನನ್ನನ್ನು ಎಬ್ಬಿಸಿ ಕೂರಿಸಿದ್ದು ಈ ಪ್ರಶ್ನೆಯೇ. ನೆನಪಾಗಿತ್ತು ಅಂತಲೇ ಅನಿಸುತ್ತದೆ. ಆದರೆ ಏನಾಗುತ್ತದೋ ನೋಡೋಣ ಎಂಬ ಆಸೆ ಅದಕ್ಕಿಂತ ಮುಂಚೆ ಬಂದು ನಿಂತಿತ್ತು.

ಬಸಣ್ಣ ಗ್ರೈಂಡರ್ ತಂದ. ಡಿಸ್ಕಿಗೆ ವಾಷರ್ ಹಾಕಿ ಬಿಗಿದ. ಬಿಗಿಯುವ ಮುಂಚೆ, ರೂಢಿಯಂತೆ, ಡಿಸ್ಕನ್ನು ಗೆಣ್ಣಿನಿಂದ ಎರಡು ಸಲ ಬಡಿದು ಕಿವಿಗೊಟ್ಟ. ‘ಬಿರುಕಿಲ್ಲ’ ಎಂದು ನಕ್ಕ. ಕಲ್ಲಾಗಿದ್ದರೆ ಆ ಮಾತು ಸರಿಯೇ ಇತ್ತು. ಅಂಬರೀಶ ಅಟ್ಟಿಯಿಂದ ಇಳಿದು ಬಂದು ನೋಡಲೆಂದು ಬಗ್ಗಿದ. ಬಸಣ್ಣ ಗುಂಡಿ ಒತ್ತಿದ.

ಡಿಸ್ಕ್ ಸಿಡಿದ ಶಬ್ದ ನನಗೆ ನೆನಪಿಲ್ಲ. ಬಣ್ಣ ನೆನಪಿದೆ. ಗಾಳಿಯಲ್ಲಿ ಒಮ್ಮೆಲೇ ಕಾಮನಬಿಲ್ಲಿನ ಚೂರುಗಳು. ಒಂದು ಚೂರು ನನ್ನ ಕನ್ನಡಕಕ್ಕೆ ಟಣ್ಣೆಂದು ಬಡಿಯಿತು, ಇನ್ನೊಂದು ತಗಡಿನ ಛಾವಣಿಗೆ. ಅಂಬರೀಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತಿದ್ದ. ಬೆರಳ ಸಂದಿಯಿಂದ ರಕ್ತ ಇಳಿದು ಒದ್ದೆ ಫರಸಿಯ ಮೇಲೆ ತೆಳ್ಳಗೆ ಹರಡಿತು.

ಬಸಣ್ಣ ಕಾರು ಓಡಿಸಿದ. ನಾನು ಹಿಂದಿನ ಸೀಟಿನಲ್ಲಿ ಅಂಬರೀಶನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಲಬುರಗಿಯ ಆಸ್ಪತ್ರೆ ಬರುವತನಕ ಅವನು ಕೇಳಿದ್ದು ಒಂದೇ ಮಾತು. ‘ಸರ್, ಕಣ್ಣ ಅದ ಏನ್ರಿ?’ ‘ಅದ, ಅದ’ ಎನ್ನುತ್ತಿದ್ದೆ. ಟವೆಲ್ ಸರಿಸಿ ನೋಡುವ ಧೈರ್ಯ ನನಗೆ ಒಮ್ಮೆಯೂ ಆಗಲಿಲ್ಲ. ಎಲ್ಲದರ ಬಗ್ಗೆಯೂ ಕುತೂಹಲ ಪಡುವವನು ಅದೊಂದನ್ನು ನೋಡಲಿಲ್ಲ.

ಕಣ್ಣು ಉಳಿಯಿತು. ಎರಡು ಸಲ ಆಪರೇಷನ್ ಆಗಿ, ಪಟ್ಟಿ ಬಿಚ್ಚಿದ ದಿನ ಅಂಬರೀಶ ಪೆಟ್ಟಾಗಿದ್ದ ಬಲಗಣ್ಣಿನಿಂದ ನಮ್ಮನ್ನು ನೋಡಿ ‘ಇಬ್ರೂ ಪಾಲಿಶ್ ಆಗಲಾರದ ಫರಸಿ ಹಂಗ ಕಾಣಾಕತ್ತೀರಿ’ ಎಂದ. ಬಸಣ್ಣ ಕಾರಿಡಾರಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಮರುದಿನ ತನ್ನ ಡಿಸ್ಕುಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಅಂಬರೀಶನ ಅಂಗಡಿಯಲ್ಲಿಟ್ಟು ಬಂದ. ‘ನಾ ಇನ್ನ ಮುಟ್ಟಂಗಿಲ್ಲ’ ಎಂದಷ್ಟೇ ಹೇಳಿದನಂತೆ. ಐದೂರಿನ ನಡುವೆ ಡಿಸ್ಕಿನ ಓಡಾಟ ನಿಂತಿತು. ಜಗಳವೂ ನಿಂತಿತು. ನನಗಂತೂ ನಿದ್ದೆಯೇ ನಿಂತಿತ್ತು. ಕಣ್ಣು ಮುಚ್ಚಿದರೆ ಬಸಣ್ಣ ಗುಂಡಿ ಒತ್ತುತ್ತಿದ್ದ.

ಬಚ್ಚಲುಮನೆಯಿಂದ ಹೊರಬಂದ ಮಾರನೆಯ ದಿನ ಭಾನುವಾರ. ನಾನು ವಾಡಿಗೆ ಹೋದೆ.

ಅಂಗಡಿಯಲ್ಲಿ ಅಂಬರೀಶ ದಪ್ಪ ಕನ್ನಡಕ ಹಾಕಿಕೊಂಡು ಯಾರದೋ ಮೊಬೈಲ್ ಬಿಚ್ಚಿ ಕೂತಿದ್ದ. ಅವನ ಹಿಂದಿನ ಕಪಾಟಿನಲ್ಲಿ ಬಸಣ್ಣನ ಡಿಸ್ಕುಗಳು, ಒಂದರ ಪಕ್ಕ ಒಂದು, ಧೂಳಿಲ್ಲದಂತೆ. ‘ಕರಿ ಕಂಪನಿ ಮಾಲ್ ನನ್ನ ಅಂಗಡ್ಯಾಗ! ನಾಚಿಗಿ ಬರ್ತದ್ರಿ ಸರ್. ಗಿರಾಕಿ ಕೇಳ್ತಾರ, ಕೊಡಂಗಿಲ್ಲ ಅಂತೀನಿ’ ಎಂದು ನಕ್ಕ. ನಾನು ನಗಲಿಲ್ಲ. ನಿಂತಲ್ಲೇ ಹೇಳಿದೆ, ಗ್ರೈಂಡರಿನ ಮಾತು ನನ್ನದು ಎಂದು.

ಅಂಬರೀಶ ಸ್ಕ್ರೂ ಡ್ರೈವರ್ ಕೆಳಗಿಟ್ಟ. ‘ಗೊತ್ತದ್ರಿ. ಅವತ್ತೇ ಕೇಳೀನಿ.’

‘ಕೇಳಿದ್ಯಾ? ಗರಗಸದ ಸಪ್ಪಳದಾಗ?’

‘ನಾ ಅಟ್ಟಿ ಮ್ಯಾಲ ಇದ್ದೆ, ಅಷ್ಟ ದೂರ. ನನಗ ಚೊಲೊ ಕೇಳ್ತು.’

‘ಮತ್ತ ಇಷ್ಟ ದಿನ ಯಾಕ ಸುಮ್ಮ ಇದ್ದಿ?’

‘ನೀವೇ ಹೇಳ್ತೀರಿ ಅಂತ ಹಾದಿ ನೋಡಾಕತ್ತಿದ್ದೆ.’ ಆಮೇಲೆ ದನಿ ಗಡುಸು ಮಾಡಿ ಅಂದ: ‘ನನಗ ಹೇಳಿ ಏನ್ ಉಪಯೋಗ ಸರ್? ಬಸಣ್ಣಗ ಹೇಳ್ರಿ. ಎಲ್ಲಾ ತನ್ನ ತಲಿ ಮ್ಯಾಲೇ ಹೊತ್ಕೊಂಡು ಕುಂತಾನ. ಬೈಲಿಕ್ಕೂ ಬರವಲ್ಲ, ಬೈಸ್ಕೊಳ್ಳಿಕ್ಕೂ ಬರವಲ್ಲ. ನಾ ಯಾರ ಕೂಡ ಜಗಳಾಡ್ಲಿ?’ ಕಪಾಟಿನಿಂದ ಒಂದು ಡಿಸ್ಕ್ ತೆಗೆದು ಕೈಗಿಟ್ಟ. ‘ಖಾಲಿ ಕೈಲೆ ಹೋಗಬ್ಯಾಡ್ರಿ.’

ಶಹಾಬಾದದ ಯಾರ್ಡಿನಲ್ಲಿ ಬಸಣ್ಣ ಫರಸಿ ಆರಿಸುತ್ತಿದ್ದ. ಪಕ್ಕದಲ್ಲಿ ಅದೇ ಗರಗಸ ಕಿರುಚುತ್ತಿತ್ತು. ನಾನು ಅವನ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಅರ್ಧ ದನಿಯಲ್ಲಿ ‘ಬಸಣ್ಣ’ ಎಂದೆ. ಅವನು ತಕ್ಷಣ ತಿರುಗಿದ. ‘ಬರ್ರಿ ಸರ್, ಕುಂದ್ರಿ.’

ಕುಳಿತುಕೊಳ್ಳದೆ ಎಲ್ಲ ಹೇಳಿದೆ. ತೂತಿನ ವಿಷಯ, ನಾನು ಓದಿದ ವಿಷಯ, ಗೊತ್ತಿದ್ದೂ ಹೇಳಿದ್ದು. ಅವನು ಕೇಳುತ್ತ ಫರಸಿಯ ಮೇಲಿನ ನೀರನ್ನು ಅಂಗೈಯಿಂದ ಒರೆಸುತ್ತಿದ್ದ. ನಾನು ಮುಗಿಸಿದ ಮೇಲೂ ಒರೆಸಿದ.

‘ಹಂಗಂದಿದ್ರೇನು? ನನಗ ಕೇಳೇ ಇಲ್ಲ ನೋಡ್ರಿ’ ಎಂದ. ‘ಈ ಗರಗಸದ ಸಪ್ಪಳದಾಗ ಏನ್ ಕೇಳ್ತದ? ಗ್ರೈಂಡರ್ ನನ್ನ ತಲಿಗೇ ಬಂದಿತ್ತು. ನೀವು ಸುಮ್ಮ ನಿದ್ದಿ ಕೆಡಿಸ್ಕೊಂಡ್ರಿ.’

ಅವತ್ತು ನಾನು ನಿಂತಿದ್ದು ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಈಗಲೇ, ನಾಲ್ಕು ಹೆಜ್ಜೆ ಹಿಂದಿನಿಂದ ಕರೆದ ಅರ್ಧ ದನಿಗೆ ಅವನು ತಿರುಗಿದ್ದ. ಖರೆ ಕೇಳಿಲ್ಲವೇನು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಜೀವಮಾನವಿಡೀ ಇಂಥ ಪ್ರಶ್ನೆಯನ್ನು ನಾನು ತಡೆದವನಲ್ಲ. ಬಸಣ್ಣ ನನ್ನ ಮುಖ ನೋಡುತ್ತಿದ್ದ. ನಾನು ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು, ಚೀಲದಿಂದ ಡಿಸ್ಕ್ ತೆಗೆದು ಅವನ ಮುಂದೆ ಹಿಡಿದೆ.

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ತುಸು ಹೊತ್ತು ಮುಟ್ಟಲಿಲ್ಲ. ಆಮೇಲೆ ಕವರು ತೆರೆದ. ಒಳಗಿನ ಕಾಗದದ ಮೇಲೆ ನಮ್ಮೆಲ್ಲರ ಹೆಸರು, ಊರು. ಅವುಗಳ ಕೆಳಗೆ ಹೊಸ ಶಾಯಿಯಲ್ಲಿ, ಕಣ್ಣು ಸರಿಯಾಗಿ ಕಾಣದವನ ಸೊಟ್ಟ ಅಕ್ಷರ: ‘ಅಂಬರೀಶ, ವಾಡಿ. ಆಡಿಲ್ಲ. ನನ್ನ ಡಬ್ಬಿಗಿ ಬಾಯಿಲ್ಲ. ಆದ್ರ ನಿನ್ನ ಡಬ್ಬಿಕಿಂತ ಚೊಲೊ ಅದ.’

‘ನೋಡ್ರಿ ಈ ಮಗನ್ ಸೊಕ್ಕ!’ ಎಂದ ಬಸಣ್ಣ. ಅವನ ಮುಖ ಕೆಂಪಾಯಿತು. ಎಂಟು ತಿಂಗಳ ಮೇಲೆ ಆ ಬಣ್ಣ ನೋಡಿದೆ. ಅಲ್ಲಿಯೇ ನಿಂತು ಫೋನ್ ಹಚ್ಚಿದ. ನಾನು ರೈಲಿಗೆ ಹೊರಟಾಗ ಗೇಟಿನತನಕ ಅವನ ಕೂಗು ಕೇಳುತ್ತಿತ್ತು, ಬಾಯಿಲ್ಲದ ಡಬ್ಬಿಯ ಬಗ್ಗೆ.

ಅವತ್ತು ರಾತ್ರಿ ಸೇಡಂಗೆ ಬಂದು ಉಂಡು ಮಲಗಿದೆ. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಎದುರುಮನೆಯ ಅಂಗಳದಲ್ಲಿ ಪಾಲಿಶ್ ಮಷಿನ್ ಆಗಲೇ ಓಡುತ್ತಿತ್ತು. ಎಷ್ಟು ಹೊತ್ತಿನಿಂದ ಓಡುತ್ತಿತ್ತೋ, ನನಗೆ ಕೇಳಿಸಿರಲಿಲ್ಲ.