ಬೂಟಿನಂಗಡಿಯ ಕಲ್ಲುಕಟ್ಟೆ

ವಾರ್ಸಾದ ಹಳೆಪೇಟೆ ಚೌಕದಲ್ಲಿ ಗೆನೊವೆಫಾಳ ತಂದೆಯದು ಬೂಟು ಹೊಲಿಯುವ ಅಂಗಡಿ. ಅದರ ಮೇಲಿನ ಮಹಡಿಯಲ್ಲೇ ಅವಳು ಹುಟ್ಟಿದ್ದು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ವಿಸ್ತುಲಾ ನದಿಯ ಮೇಲೆ ನಡೆದುಕೊಂಡೇ ಊರಿಗೆ ಮರಳಿದಾಗ ಅಪ್ಪ ಅಮ್ಮ ಇರಲಿಲ್ಲ, ಚೌಕವೂ ಇರಲಿಲ್ಲ. ಇದ್ದದ್ದು ಆಳೆತ್ತರದ ಇಟ್ಟಿಗೆಗುಡ್ಡೆ, ನಡುವೆ ಅಲ್ಲೊಂದು ಇಲ್ಲೊಂದು ಮೋಟುಗೋಡೆ. ಅವಳಿಗೆ ಆಗ ಇಪ್ಪತ್ತೆರಡು.

ಚೌಕವನ್ನು ಮೊದಲಿದ್ದ ಹಾಗೆಯೇ ಕಟ್ಟುತ್ತಾರೆಂದು ಗೊತ್ತಾದಾಗ ಅವಳೂ ಕೂಲಿಗೆ ಸೇರಿದಳು. ಹಳೆಯ ಇಟ್ಟಿಗೆಗೆ ಅಂಟಿದ ಗಾರೆ ಕೆರೆದಳು, ಆಮೇಲೆ ಕರಣೆ ಹಿಡಿದು ಗೋಡೆ ಕಟ್ಟಲು ಕಲಿತಳು. ಏಳನೆಯ ವರ್ಷ ಅವರ ಮನೆಯ ಸರದಿ ಬಂತು. ಎಂಜಿನಿಯರ್ ವಿತುಸ್ಕಿ ನಕ್ಷೆ ಹರಡಿದರು.

“ಸಾಹೇಬ್ರೇ, ಬಾಗಿಲ ಪಕ್ಕ ಕಲ್ಲುಕಟ್ಟೆ ಇತ್ತು. ಅದನ್ನೇ ಬಿಟ್ಟಿದ್ದೀರಲ್ಲ?”

“ಯಾವ ಫೋಟೋದಲ್ಲೂ ಇಲ್ವಲ್ಲಮ್ಮ.”

“ಹೇಗೆ ಕಾಣ್ಬೇಕು? ಯಾವಾಗ್ಲೂ ಜನ ಕೂತಿರೋರು. ಅಪ್ಪ ಹೊಲಿದು ಕೊಡೋವರ್ಗೂ ಒಂದು ಬರಿಗಾಲು ಇಳಿಬಿಟ್ಕೊಂಡು.”

“ಗೆನೊವೆಫಾ, ನಿಮ್ಮಪ್ಪನ ಮೊಳೆಡಬ್ಬಿ ಎಲ್ಲಿತ್ತು ಅಂತಾನೂ ಬರೆಸ್ಬಿಡು!” ಎಂದು ಮೇಸ್ತ್ರಿ ಫೆಲಿಕ್ಸ್ ಕಿಚಾಯಿಸಿದ.

ಅವಳು ಬಾಗಿಲಿದ್ದ ಜಾಗ ಗುರುತಿಸಿ ದಿನವೂ ಊಟದ ಬಿಡುವಿನಲ್ಲಿ ಒಂದು ತುಂಡು ಬ್ರೆಡ್ಡು ಬಾಯಿಗೆ ಹಾಕಿಕೊಂಡು ಒಬ್ಬಳೇ ಅಗೆದಳು. ಮೂರನೆಯ ದಿನ ಗುದ್ದಲಿ ಠಣ್ಣೆಂದಿತು. ಕಿಚಾಯಿಸಿದ್ದ ಫೆಲಿಕ್ಸನೇ ಗುಂಡಿಗೆ ಹಾರಿ ಮಣ್ಣು ಸರಿಸಿದ. ಕೂತು ಕೂತು ನಡುವೆ ಸವೆದ ಚಪ್ಪಡಿ.

ವಿತುಸ್ಕಿ ಮಂಡಿಯೂರಿ ಅದನ್ನು ಅಂಗೈಯಿಂದ ಒರೆಸಿದರು. ಪೆನ್ಸಿಲ್ ತೆಗೆದು ಕೇಳಿದರು: “ಎಷ್ಟೆತ್ತರ ಇತ್ತು, ಹೇಳಮ್ಮ.”

“ನನ್ನ ಎದೆಮಟ್ಟ...” ಎಂದವಳು ತಡೆದಳು. “ಅಯ್ಯೋ, ಅದು ನಾನು ಮೂರು ವರ್ಷದೋಳಿದ್ದಾಗ! ಈಗಾದ್ರೆ ಮಂಡಿ ಎತ್ತರ.”

ಚೌಕ ಸಿದ್ಧವಾಯಿತು, ಬಾಗಿಲ ಪಕ್ಕ ಕಲ್ಲುಕಟ್ಟೆಯೂ ಎದ್ದಿತು. ಬ್ಯಾಂಡು ಬಾರಿಸಿದರು, ಬಾವುಟ ಹಾರಿಸಿದರು. ಮಹಡಿಯ ಮನೆ ಮಾತ್ರ ಬೇರೆಯವರ ಪಾಲಾಯಿತು. ಅವಳಿಗೆ ಸಿಕ್ಕಿದ್ದು ಹೊಳೆಯಾಚೆ ಒಂದು ಕೋಣೆ. ಎರಡು ಸಲ ಅರ್ಜಿ ಕೊಟ್ಟಳು, ಉತ್ತರ ಬರಲಿಲ್ಲ. ಆದರೂ ಪ್ರತಿ ಭಾನುವಾರ ಚೌಕಕ್ಕೆ ಬಂದು ಆ ಮನೆಯ ಕಿಟಕಿ ನೋಡುತ್ತ ನಿಲ್ಲುತ್ತಿದ್ದಳು.

ಒಂದು ಭಾನುವಾರ ಈಗ ಆ ಮನೆಯಲ್ಲಿದ್ದ, ಪಿಯಾನೊ ಕಲಿಸುವ ಮೇಷ್ಟ್ರಮ್ಮ ಹಾಲ್ಶ್ಕಾ ಕೆಳಗಿಳಿದು ಬಂದರು.

“ಯಾರಮ್ಮ ನೀವು? ವಾರವಾರ ನಮ್ಮ ಕಿಟಕಿ ನೋಡ್ತೀರ.”

“ಇದು ನಮ್ಮನೆ... ಅಂದ್ರೆ, ಈ ಗೋಡೆ ನಾನು ಕಟ್ಟಿದ್ದು.”

“ಮತ್ತೆ ಬೀದೀಲಿ ಯಾಕೆ ನಿಂತಿದ್ದೀರ? ಬನ್ನಿ, ಟೀ ಕುಡಿಯೋಣ.”

ಒಳಗೆ ಒಂದೂ ಮೊದಲಿನಂತಿರಲಿಲ್ಲ. ಅಮ್ಮ ಮಲಗುತ್ತಿದ್ದ ಜಾಗದಲ್ಲಿ ಅಡುಗೆಮನೆ. ಗೆನೊವೆಫಾ ಅದರ ಬಾಗಿಲಲ್ಲೇ ನಿಂತಳು. ಅಷ್ಟರಲ್ಲಿ ಹಾಲ್ಶ್ಕಾ ನಲ್ಲಿ ತಿರುಗಿಸಿದರು. ನೀರು ಭೋರೆಂದು ಸುರಿಯಿತು. ದಿನವೂ ಕೆಳಗಿನಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತರುತ್ತಿದ್ದ ಅಮ್ಮನ ನೆನಪಾಗಿ ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು.

“ನಮ್ಮಮ್ಮ ಈ ನಲ್ಲಿ ನೋಡಿದ್ರೆ, ನಿಮ್ಮನ್ನ ಓಡಿಸಿ ತಾನೇ ಇಲ್ಲಿ ಇದ್ಬಿಡ್ತಿದ್ಳು!”

ಹಾಲ್ಶ್ಕಾ ಕೂಡ ನಗುತ್ತ ಅವಳ ಲೋಟಕ್ಕೆ ಟೀ ಬಗ್ಗಿಸಿದರು.