ಕಪ್ಪು ಚುಕ್ಕೆಯ ಎಲೆಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೆ.ಆರ್. ಪುರದ ಆಚೆ ಒಂದು ತರಕಾರಿ ತೋಟದ ಪಾಲಿಹೌಸಿನಲ್ಲಿ, ಅಂದರೆ ಪ್ಲಾಸ್ಟಿಕ್ ಹೊದಿಸಿದ ಬೆಳೆಮನೆಯಲ್ಲಿ, ಕೆಲಸಕ್ಕಿದ್ದೆ. ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ನನ್ನನ್ನು ಅಲ್ಲಿಗೆ ಸೇರಿಸಿದವರು ನನ್ನ ಅತ್ತೆ ಮುನಿಯಮ್ಮ. ಟೊಮೆಟೊ ಸಾಲುಗಳನ್ನು ಅವರೇ ನೋಡಿಕೊಳ್ಳುತ್ತಿದ್ದರು.

ಆ ವರ್ಷ ಬಿಳಿನೊಣದ ಕಾಟ ವಿಪರೀತ. ಎಲೆಯಡಿ ಕೂತು ರಸ ಹೀರುತ್ತಿತ್ತು, ಔಷಧಿಗೂ ಬಗ್ಗಲಿಲ್ಲ. ತೋಟದ ಮೇಡಂ ಎನ್ಕಾರ್ಸಿಯಾ ಎಂಬ ಕಣಜ ತರಿಸಿದರು. ಸಾಸಿವೆಗಿಂತ ಸಣ್ಣದು, ಮನುಷ್ಯರನ್ನು ಕಚ್ಚುವುದಿಲ್ಲ. ಬಿಳಿನೊಣದ ಮರಿಯೊಳಗೆ ಅದು ಮೊಟ್ಟೆಯಿಡುತ್ತದೆ. ಮರಿ ಎಲೆಯಡಿ ಕಪ್ಪು ಚುಕ್ಕೆಯಂತಾಗಿ ಸಾಯುತ್ತದೆ, ಅದರೊಳಗಿಂದ ಹೊಸ ಕಣಜ ಬರುತ್ತದೆ. ಅಂಥ ಕಪ್ಪು ಮರಿಗಳನ್ನು ಅಂಟಿಸಿದ ಕಾರ್ಡುಗಳನ್ನು ಗಿಡಗಳಿಗೆ ಕಟ್ಟುವ ಕೆಲಸ ನನ್ನದು.

"ಇದೂ ಆಗ್ಲಿಲ್ಲ ಅಂದ್ರೆ ಪಾಲಿಹೌಸ್ ಮುಚ್ತೀನಿ," ಎಂದಿದ್ದರು ಮೇಡಂ. ಮುಚ್ಚಿದರೆ ನಮ್ಮಿಬ್ಬರ ಕೆಲಸವೂ ಹೋಗುತ್ತಿತ್ತು.

"ಹುಳ ಸಾಕೋಕೂ ಸಂಬಳ ಕೊಡ್ತಾರಲ್ಲಮ್ಮಿ!" ಎಂದು ಅತ್ತೆ ನಕ್ಕಿದ್ದರು.

ಕಪ್ಪು ಚುಕ್ಕೆಯ ಎಲೆ ಕೀಳಬಾರದೆಂದು ಅವರಿಗೆ ನಾನು ಹೇಳಬೇಕಿತ್ತು. ಆದರೆ ಸೊಸೆ ಅತ್ತೆಗೆ ಬೇಸಾಯ ಹೇಳಿಕೊಡುವ ರೂಢಿ ನಮ್ಮಲ್ಲಿರಲಿಲ್ಲ. ಹೇಳಲು ಬಾಯಿ ಬರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಗಿಡಗಳ ಬುಡ ಚೊಕ್ಕಟ ಮಾಡುವುದು ಅತ್ತೆಯ ಪದ್ಧತಿ. ನಾನು ಹೊಸ ಕಾರ್ಡು ತರುವಷ್ಟರಲ್ಲಿ ಕೆಳಗಿನ ಎಲೆಗಳೆಲ್ಲ ಖಾಲಿ. ಹೊರಗೆ ಹೊಗೆ ಏಳುತ್ತಿತ್ತು. ಅದನ್ನು ಕಂಡು ಮೇಡಂ ಮತ್ತು ಉಳಿದ ಕೆಲಸದವರೂ ಓಡಿಬಂದರು.

"ಕಪ್ಪು ರೋಗ ಬಂದಿತ್ತು ಮೇಡಮ್ಮೋರೆ, ಎಲ್ಲ ಕಿತ್ತು ಬೆಂಕಿಗಾಕ್ದೆ," ಎಂದರು ಅತ್ತೆ, ಹೆಮ್ಮೆಯಿಂದ.

ಮೇಡಂ ತಲೆ ಹಿಡಿದುಕೊಂಡರು. "ರೋಗ ಅಲ್ಲಮ್ಮ, ಅದೇ ನಮ್ಮ ಕಣಜ! ನಿಮ್ಮ ಸೊಸೆ ಹೇಳ್ಲಿಲ್ವಾ?"

ಅತ್ತೆ ತಿರುಗಿ ನೋಡಿದರು. "ನಿಂಗೆ ಗೊತ್ತಿತ್ತೇನಮ್ಮಿ?"

"ನಿಮ್ಗೆ ನಾನು ಹೇಳ್ಕೊಡೋದಾ ಅಂತ..."

"ಎಲ್ಲಾರ ಮುಂದೆ ಪೆದ್ದಿ ಮಾಡ್ಬಿಟ್ಯಲ್ಲೇ. ಇದೇನಾ ನೀನು ಕೊಡೋ ಮರ್ಯಾದೆ?"

ನನ್ನ ಕಷ್ಟಕಾಲದಲ್ಲಿ ಕೈಹಿಡಿದವರು ಅವರು. ಆ ಮಾತು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

ಹಸಿ ಎಲೆಯಾದ್ದರಿಂದ ರಾಶಿ ಪೂರ್ತಿ ಸುಟ್ಟಿರಲಿಲ್ಲ. ಅತ್ತೆಯೇ ಉಳಿದದ್ದನ್ನು ಬರಿಗೈಯಲ್ಲಿ ಎಳೆದು ಹಾಕಿದರು. ಬೂದಿ ಮಸಿಯ ನಡುವೆ ಚುಕ್ಕೆ ಅವರ ಕಣ್ಣಿಗೆ ಸರಿಯಾಗಿ ಕಾಣದು. ಒಂದೊಂದೇ ಎಲೆ ನನಗೆ ಚಾಚಿ, "ಇದು? ಇದು?" ಎಂದು ಕೇಳಿದರು. ಆರಿಸಿದ ಎಲೆಗಳನ್ನು ಗಿಡಗಳ ಬುಡಕ್ಕೆ ಹರಡಿದೆವು. ಕೆಲವು ದಿನಗಳಲ್ಲಿ ಅವುಗಳಿಂದ ಕಣಜಗಳು ಹೊರಬಂದವು. ಬಿಳಿನೊಣ ಹೆಚ್ಚಿದ್ದರಿಂದ ಅರ್ಧ ಸಾಲುಗಳನ್ನು ಕೀಳಬೇಕಾಯಿತು, ಇನ್ನರ್ಧ ಉಳಿದವು. ಪಾಲಿಹೌಸೂ ಉಳಿಯಿತು.

ಆಮೇಲೆ ಅತ್ತೆ ಪ್ರತಿ ಸಲವೂ ಎಲ್ಲರೆದುರು, "ಕೀಳ್ಲೇನಮ್ಮಿ?" ಎಂದು ಕೇಳಿಯೇ ಎಲೆ ಮುಟ್ಟುತ್ತಿದ್ದರು. ಅವರಿಗೆ ಕೋಪವಿರಲಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಮುಖ ಬಿಸಿಯಾಗುತ್ತಿತ್ತು.

ಮಕ್ಕಳೇ, ನಾನು ಮೊಬೈಲಿನಲ್ಲಿ ತಪ್ಪು ಒತ್ತುವಾಗ ಅಜ್ಜಿಗೆ ಬೇಜಾರಾದೀತು ಎಂದು ಸುಮ್ಮನೆ ನೋಡುತ್ತಾ ನಿಲ್ಲುತ್ತೀರಲ್ಲ, ಹಾಗೆ ನಿಲ್ಲಬೇಡಿ. ಹೇಳಿಬಿಡಿ.