ಧೂಳಿನ ಡಬ್ಬಿ ಯಾರ ಕೈಯಲ್ಲಿ?

೨೦೦೩ರಲ್ಲಿ ನಾನು ಹುಮನಾಬಾದಿನ ಒಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಸರ್ವಿಸ್ ಮೆಕ್ಯಾನಿಕ್ ಆಗಿದ್ದೆ. ಹುಮನಾಬಾದ್, ಬಸವಕಲ್ಯಾಣ ಎರಡೂ ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಕೂಲರ್, ಫ್ಯಾನು, ಏನು ಕೆಟ್ಟರೂ ಟೆಸ್ಟರ್ ಜೇಬಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತುವುದೇ ನನ್ನ ಉದ್ಯೋಗ. ವ್ಯಾಕ್ಯೂಮ್ ಕ್ಲೀನರ್ ಆಗಿನ್ನೂ ನಮ್ಮ ಕಡೆ ಹೊಸದು. ನನಗೆ ಅದರ ಮೇಲೆ ಅಂಥ ಗೌರವವಿರಲಿಲ್ಲ. ಫರಸಿ ಕಲ್ಲು ಹಾಸಿದ ಮನೆಗೆ ಒಂದು ಕಸಬರಿಗೆ, ಒಂದು ಒದ್ದೆ ಬಟ್ಟೆ ಸಾಕು ಎಂದು ಗಿರಾಕಿಗಳ ಎದುರೇ ಅಂದುಬಿಡುತ್ತಿದ್ದೆ. ಸುಳ್ಳು ಹೇಳಿ ಸಾಮಾನು ಮಾರುವ ಕಲೆ ನನಗೆ ಒಲಿಯಲೇ ಇಲ್ಲ. "ನಿನ್ನ ಬಾಯಿ ನನ್ನ ಧಂದಾ ಮುಳುಗಸ್ತದ" ಎಂದು ಮಾಲೀಕರು ಬೈಯುತ್ತಿದ್ದರು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಬಸವಕಲ್ಯಾಣದಿಂದ ಒಂದು ಮನೆಯ ಮೂವರು ಬಂದರು. ಹಿರಿಯ ಹೆಂಗಸು ಗುರಮ್ಮ, ಹಣೆಯ ತುಂಬ ಮೂರು ಬೆರಳ ವಿಭೂತಿ. ಮಗ ರೇವಣಪ್ಪ, ಅಲ್ಲಿ ಕಿರಾಣಿ ಅಂಗಡಿ ಇಟ್ಟವನು. ಸೊಸೆ ಶಿವಲೀಲಾ. ಅಂಗಡಿಯ ಮೆಟ್ಟಿಲು ಹತ್ತಿದ್ದಕ್ಕೇ ಆ ಹುಡುಗಿ ಗಾಜಿನ ಕಪಾಟಿಗೆ ಕೈಯೂರಿ ನಿಂತು ಉಸಿರು ತಂದುಕೊಂಡಳು.

"ಇಕಿಗೆ ದಮ್ಮು ಅದರಿ" ಎಂದರು ಗುರಮ್ಮ. "ಧೂಳಿನಾಗ ಇರಬ್ಯಾಡ, ಕಸಬರಿಗಿ ಮುಟ್ಟಬ್ಯಾಡ ಅಂದಾರ ಡಾಕ್ಟರ್. ಧೂಳು ಏಳಲಾರದಂಗ ಕಸ ತೆಗಿಯೋ ಮಷಿನ್ ಅದಂತಲ್ಲ, ಅದನ್ನ ಕೊಡ್ರಿ."

"ಕಸಕ್ಕ ಒಬ್ಬಾಕಿನ್ನ ಇಟ್ಕೊಂಡ್ರ ಸಾಕಲ್ರಿ ಅವ್ವಾ" ಎಂದೆ. ನನ್ನ ಹಳೆಯ ಚಾಳಿ.

"ಯಾರು ಹೊಡದ್ರೂ ಧೂಳು ಏಳತದಲ್ಲಪಾ. ನನ್ನ ಸೊಸಿ ಅಡ್ಡಾಗಿ ಮಲಗಿ ಎಷ್ಟ ದಿನ ಆತು. ಗ್ವಾಡಿಗಿ ಒರಗಿ ಕುಂತs ಬೆಳಗ ಮಾಡ್ತಾಳ."

ಅತ್ತೆ ಸೊಸೆಗಾಗಿ ಹೀಗೆ ಮಾತಾಡುವುದನ್ನು ನಾನು ಹೆಚ್ಚು ಕೇಳಿದವನಲ್ಲ. ಯಂತ್ರವನ್ನು ನಾನೇ ನಿಂತು ಆರಿಸಿಕೊಟ್ಟೆ.

ಚೀಲದ ಯಂತ್ರದಲ್ಲಿ ಧೂಳು ಒಳಗಿನ ಕಾಗದದ ಚೀಲಕ್ಕೆ ತುಂಬುತ್ತದೆ, ಚೀಲದ ಸಮೇತ ಎಸೆದರಾಯಿತು. ದಮ್ಮಿನವರಿಗೆ ಅದೇ ಮೇಲು. ಆದರೆ ಚೀಲಗಳು ಹೈದರಾಬಾದಿನಿಂದ ಬರಬೇಕಿತ್ತು. ಬಾರದಿದ್ದರೆ ಯಂತ್ರ ಅಟ್ಟ ಸೇರುತ್ತದೆ. ಹಾಗಾಗಿ ಚೀಲ ಬೇಡದ, ಬ್ಯಾಗ್‌ಲೆಸ್ ಅಪ್‌ರೈಟ್ ಎಂಬ ಮಾದರಿಯನ್ನು ತೋರಿಸಿದೆ. ಅದನ್ನು ನಿಂತೇ ದೂಡಬಹುದು. ಬಗ್ಗಿದರೆ ಶಿವಲೀಲಾಳಿಗೆ ಉಸಿರು ಹಿಡಿಯುತ್ತಿತ್ತು, ಆ ತಾಪತ್ರಯ ಇದರಲ್ಲಿಲ್ಲ. ಎಳೆದ ಗಾಳಿ ಒಳಗೆ ಗಿರಗಿರ ಸುತ್ತಿ ಧೂಳನ್ನು ಒಂದು ಪಾರದರ್ಶಕ ಡಬ್ಬಿಗೆ ಕೆಡವುತ್ತದೆ, ಮಿಕ್ಕ ನುಣ್ಣನೆಯ ಧೂಳನ್ನು ಸ್ಪಂಜಿನ ಫಿಲ್ಟರ್ ತಡೆಯುತ್ತದೆ. ಹೆಪಾ ಎಂಬ ಇನ್ನೂ ನವಿರಾದ ಫಿಲ್ಟರಿನ ಯಂತ್ರವೂ ಇತ್ತು, ಅದರ ಬೆಲೆ ರೇವಣಪ್ಪನಿಗೆ ಎಟುಕುವಂತಿರಲಿಲ್ಲ.

ನಿರ್ವಹಣೆಯ ಮಾತನ್ನೂ ಹೇಳಿದೆ. ಡಬ್ಬಿಯ ಮೇಲಿನ ಗೆರೆ ಮುಟ್ಟುವ ಮೊದಲೇ ಖಾಲಿ ಮಾಡಬೇಕು. ವಾರಕ್ಕೊಮ್ಮೆ ಫಿಲ್ಟರ್ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಬೇಕು, ಹಸಿಯಾಗಿ ಹಾಕಿದರೆ ಮೋಟರಿಗೆ ಕೇಡು. ಬ್ರಷ್ಷಿಗೆ ಸುತ್ತಿದ ಕೂದಲನ್ನು ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ಬೆಲ್ಟ್ ಹರಿಯುತ್ತದೆ. ಡಬ್ಬಿ ತೆರೆಯುವಾಗ ಧೂಳು ಬುಸ್ಸೆಂದು ಏಳುತ್ತದೆ, ಅದಕ್ಕೇ ಮನೆಯ ಹೊರಗೇ ತೆರೆಯಬೇಕು, ದಮ್ಮಿನವರು ಹತ್ತಿರ ಸುಳಿಯಕೂಡದು. ಮೂವರೂ ತಲೆಯಾಡಿಸಿದರು.

ಮೊದಲ ತಿಂಗಳುಗಳು ಚೆನ್ನಾಗಿಯೇ ಕಳೆದವು. ಬೇರೆ ಕೆಲಸಕ್ಕೆ ಬಸವಕಲ್ಯಾಣಕ್ಕೆ ಹೋದಾಗ ಗುರಮ್ಮ ಕರೆದು ಚಹಾ ಕೊಟ್ಟು, "ಅಡ್ಡಾಗಿ ಮಲಗಾಕತ್ತಾಳಪಾ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದರು. ನಾನು ಹಿಗ್ಗಿದೆ. ಅಷ್ಟು ವರ್ಷ ಮಿಕ್ಸರ್ ರಿಪೇರಿ ಮಾಡಿದ್ದಕ್ಕೆ ಯಾರೂ ಹಾಗೆ ಹರಸಿರಲಿಲ್ಲ.

ಮುಂದಿನ ಬೇಸಿಗೆ ಮುಗಿಯುವ ಹೊತ್ತಿಗೆ, ಯಂತ್ರ ಎಳೆಯುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಎಂದು ರೇವಣಪ್ಪನ ಫೋನ್ ಬಂತು. ಹೋಗಿ ಬಿಚ್ಚಿದೆ. ಫಿಲ್ಟರ್ ಗಟ್ಟಿಯಾಗಿ ಮೆತ್ತಿಕೊಂಡು ಬೆಳ್ಳಗಾಗಿತ್ತು. ನಮ್ಮ ಎರಿ ಮಣ್ಣಿನ ಧೂಳು ಕಪ್ಪಿರಬೇಕು. ಗೋಡೆಯ ಸುಣ್ಣ ಉದುರಿದೆಯೇನೋ ಎಂದು ನೋಡಿದರೆ ಗೋಡೆಗೆ ಆಯಿಲ್ ಪೇಂಟು.

"ಈ ಬಿಳೀದು ಏನ್ರಿ?"

"ಈಬತ್ತಿ" ಎಂದರು ಗುರಮ್ಮ, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ.

ಅವರ ಮನೆಯಲ್ಲಿ ದಿನವೂ ಲಿಂಗಪೂಜೆ. ಸೋಮವಾರ ಓಣಿಯ ನಾಲ್ಕಾರು ಜನ ಬಂದು ಕೂಡುತ್ತಿದ್ದರು. ಈಬತ್ತಿ ಎಂದರೆ ವಿಭೂತಿ, ಅದರ ಗಟ್ಟಿಯನ್ನು ತಿಕ್ಕಿ ಧರಿಸುವಾಗ ಪುಡಿ ನೆಲಕ್ಕೆ ಉದುರುತ್ತದೆ. ಅದಕ್ಕೆ ಕಸಬರಿಗೆ ತಾಗಿಸುವಂತಿಲ್ಲ, ತುಳಿಯುವಂತಿಲ್ಲ, ತಿಪ್ಪೆಗೆ ಹಾಕುವಂತಿಲ್ಲ. ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ಆ ನೀರನ್ನು ಹಿತ್ತಲಿನ ಬಿಲ್ವದ ಗಿಡಕ್ಕೆ ಹಾಕುತ್ತಿದ್ದರು. ಯಂತ್ರ ಬಂದ ಮೇಲೆ, ಇದು ಕಸಬರಿಗೆಯಲ್ಲವಲ್ಲ ಎಂದು ಪೂಜೆಯ ಕೋಣೆಗೂ ಅದನ್ನೇ ಒಯ್ದರು. ಅಲ್ಲಿಗೆ ಡಬ್ಬಿಯ ಧೂಳಿಗೂ ತಿಪ್ಪೆಯ ದಾರಿ ಮುಚ್ಚಿತು. ಫಿಲ್ಟರ್ ತೊಳೆದ ನೀರು ಮೋರಿಗೆ ಹೋಗುತ್ತದೆಂದು ತೊಳೆಯುವುದೂ ನಿಂತಿತು.

"ಮತ್ತ ಡಬ್ಬಿ ಹ್ಯಾಂಗ ಖಾಲಿ ಮಾಡ್ತೀರಿ?"

"ನಾನs ಮಾಡ್ತೀನ್ರಿ ಅಣ್ಣಾರ" ಎಂದಳು ಶಿವಲೀಲಾ. ಜಳಕ ಮಾಡಿ, ಪಡಸಾಲೆಯಲ್ಲಿ ಕುಳಿತು, ಡಬ್ಬಿಯ ಧೂಳನ್ನು ತೆಳು ಬಟ್ಟೆಯಲ್ಲಿ ಸೋಸಿ, ಕೂದಲು ಕಸ ಬೇರೆ ಮಾಡಿ, ಉಳಿದ ಭಸ್ಮವನ್ನು ಬಿಲ್ವದ ಬುಡಕ್ಕೆ ಹಾಕುತ್ತಿದ್ದಳು. ಫಿಲ್ಟರನ್ನು ಕಲ್ಲಿಗೆ ಬಡಿದು ಕೊಡವುತ್ತಿದ್ದಳು. "ಮಷಿನ್ ನನ್ನ ಸಲುವಾಗಿ ಬಂದದ. ಮಂದಿ ಕೈಲೆ ಯಾಕ ಮಾಡಸ್ಲಿ? ಮೂಗಿಗಿ ಸೆರಗು ಕಟ್ಕೋತೀನಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಅವ್ವಾ, ಧೂಳಿನಿಂದ ದೂರ ಇರ್ಲಿ ಅಂತ ಮಷಿನ್ ತಂದ್ರಿ. ಈಗ ಮನಿ ಧೂಳೆಲ್ಲಾ ಒಂದ ಡಬ್ಬಿಯಾಗ ಕೂಡಿಸಿ ಆಕಿ ಮೂಗಿನ ಮುಂದs ಸುರವಾಕತ್ತೀರಿ!"

ಗುರಮ್ಮನ ಮುಖ ಬಿಗಿಯಿತು. "ಈಬತ್ತಿಯಿಂದ ಯಾರಿಗೂ ಕೆಟ್ಟದ್ದಾಗಿಲ್ಲ. ಆಕಿಗಿ ದಮ್ಮು ಹತ್ತಿದಾಗ ನಾ ಎದಿಗಿ ಹಚ್ಚೋದೂ ಅದನ್ನs."

ಭಕ್ತಿಯ ಜೊತೆ ವಾದ ಮಾಡುವುದು ಮೆಕ್ಯಾನಿಕ್ಕನ ಕೆಲಸವಲ್ಲ. ಅವರ ನೇಮಕ್ಕೆ ಧಕ್ಕೆಯಾಗದ ದಾರಿಯನ್ನೇ ಹೇಳಿದೆ. ಪೂಜೆಯ ಕೋಣೆಗೆ ಹಳೆಯ ಒದ್ದೆ ಬಟ್ಟೆಯೇ ಇರಲಿ. ಡಬ್ಬಿಯನ್ನು ರೇವಣಪ್ಪ ಹಿತ್ತಲಲ್ಲಿ ಬಕೆಟ್ಟಿನ ನೀರಿನೊಳಗೆ ಮುಳುಗಿಸಿಯೇ ತೆರೆಯಲಿ, ನೀರಲ್ಲಿ ಧೂಳು ಹಾರುವುದಿಲ್ಲ. ಫಿಲ್ಟರನ್ನೂ ಅದೇ ಬಕೆಟ್ಟಿನಲ್ಲಿ ಹಿಂಡಿ, ಆ ನೀರನ್ನು ಬಿಲ್ವಕ್ಕೇ ಹಾಕಲಿ. ಗುರಮ್ಮ ಪೂಜೆಯ ಕೋಣೆಯ ಕಡೆ ನೋಡಿ, "ಆಗಲಿ, ಒರಸೋದು ನಾನs ಒರಸ್ತೀನಿ" ಎಂದರು. ಹೊಸ ಫಿಲ್ಟರ್ ಹಾಕಿ, ಇನ್ನೊಂದನ್ನು ಬದಲಿಗೆಂದು ಕೊಟ್ಟು ಬಂದೆ.

ಶ್ರಾವಣ ಮುಗಿದ ಮೇಲೆ ಒಂದು ಮಧ್ಯಾಹ್ನ ರೇವಣಪ್ಪ ಅಂಗಡಿಗೆ ಬಂದ. ಗಡ್ಡ ಬೆಳೆದಿತ್ತು. ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದ.

"ರಿಪೇರಿ ಬ್ಯಾಡ್ರಿ ಮಿಸ್ತ್ರಿ. ಬಿಚ್ಚಿ ನೋಡ್ರಿ ಅಷ್ಟs" ಎಂದ. ಆಮೇಲೆ ಹೇಳಿದ, ಶಿವಲೀಲಾ ಹೋದಳೆಂದು.

ಗುರಮ್ಮ ಮಾತಿನಂತೆ ಮೊಣಕಾಲೂರಿ ಪೂಜೆಯ ಕೋಣೆ ಒರೆಸುತ್ತಿದ್ದರಂತೆ. ಅವರ ಮೊಣಕಾಲು ಮೊದಲೇ ಕೆಟ್ಟಿದ್ದವು, ಏಳುವಾಗ ಗೋಡೆ ಹಿಡಿಯಬೇಕಿತ್ತು. ಸೊಸೆಗೆ ಅದನ್ನು ನೋಡಲಾಗಲಿಲ್ಲ. ಶ್ರಾವಣದ ಕಡೆಯ ಸೋಮವಾರ ಜನ ಹೆಚ್ಚು ಬರುವವರಿದ್ದರು. ಗಂಡ ಅಂಗಡಿಗೆ ಹೋಗಿದ್ದ, ಅತ್ತೆ ಹಿತ್ತಲಲ್ಲಿ ಬಿಲ್ವಪತ್ರಿ ಹರಿಯುತ್ತಿದ್ದರು. ಆಗ ಶಿವಲೀಲಾ ಪೂಜೆಯ ಕೋಣೆಗೆ ಯಂತ್ರ ಹಾಕಿದಳು. ಡಬ್ಬಿಯಲ್ಲಿ ಬಿಳಿ ಕಂಡರೆ ಗುಟ್ಟು ಬಯಲಾಗುತ್ತದೆ, ಹಿತ್ತಲಿಗೆ ಒಯ್ದರೆ ಅತ್ತೆ ನೋಡುತ್ತಾರೆ ಎಂದು, ಕಾಳಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ಡಬ್ಬಿ ತೆರೆದು ಫಿಲ್ಟರ್ ಬಡಿದಳು. ಕಿಟಕಿಯಿಲ್ಲದ ಕೋಣೆ ಅದು. ಗುರಮ್ಮ ಬಾಗಿಲು ತಳ್ಳಿದಾಗ ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಜೀಪು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರೂ ನಿಂತಿತ್ತು.

ನಾನು ಯಂತ್ರ ಬಿಚ್ಚಿದೆ. ಫಿಲ್ಟರಿನಲ್ಲಿ ಬಿಳಿ ಉಳಿದಿತ್ತು. ಬೆಲ್ಟ್ ಸರಿಯಿತ್ತು. ಸ್ವಿಚ್ ಒತ್ತಿದರೆ ಮೋಟರ್ ಒಂದೇ ಸಮನೆ ತಿರುಗಿತು.

"ಕೆಟ್ಟಿತ್ತೇನ್ರಿ?"

"ಇಲ್ಲ ರೇವಣಪ್ಪ. ಮಷಿನ್ ಛಲೋ ಅದ."

ಅವನು ಕುಳಿತಲ್ಲೇ ಮುಖ ಮುಚ್ಚಿಕೊಂಡ. "ಕೆಟ್ಟಿತ್ತು ಅಂತ ಹೇಳ್ರಿ. ಅವ್ವನ ಮುಂದ ಬಂದು ಹೇಳ್ರಿ. ನನ್ನ ಕೈಲೆs ಕೊಂದೆ ಅಂತ ಕುಂತಾಳ, ಅನ್ನ ಮುಟ್ಟವಲ್ಲಳು."

ಮಾಲೀಕರ ಲಾಭಕ್ಕೂ ಹೇಳದಿದ್ದ ಸುಳ್ಳನ್ನು ಹೇಳಲು ಅಂದೇ ಬಸ್ಸು ಹತ್ತಿದೆ. ಪಡಸಾಲೆಯ ಕಂಬಕ್ಕೆ ಒರಗಿ ಗುರಮ್ಮ ಕುಳಿತಿದ್ದರು. ಹಣೆ ಬರಿದಾಗಿತ್ತು. ವಿಭೂತಿಯಿಲ್ಲದ ಆ ಹಣೆಯನ್ನು ನಾನು ಅಂದೇ ಮೊದಲು ನೋಡಿದ್ದು. ಹೇಗೋ ಹೇಳಿದೆ: ಮೋಟರ್ ಒಳಗೇ ದೋಷವಿತ್ತು, ಧೂಳನ್ನು ಹಿಂದಕ್ಕೆ ಉಗುಳುತ್ತಿತ್ತು, ನಿಮ್ಮದೇನೂ ತಪ್ಪಿಲ್ಲ.

ಅವರು ನನ್ನನ್ನೇ ನೋಡಿದರು. "ನಿನಗ ಸುಳ್ಳು ಹೇಳಾಕ ಬರಂಗಿಲ್ಲಪಾ. ಮಷಿನ್ ಛಲೋ ಇತ್ತು. ಆಕಿನೂ ಛಲೋ ಇದ್ದಳು, ನನ್ನ ಮೊಣಕಾಲಿಗಿ ಮರುಗಿದಳು. ನಾನೂ ಆಕಿಗಿ ಕೆಟ್ಟದ್ದು ಬಯಸಿಲ್ಲ. ಎಲ್ಲಾರೂ ಛಲೋ ಇದ್ದು ಆಕಿ ಹ್ಯಾಂಗ ಹೋದಳು, ಅದನ್ನ ಹೇಳು."

ನೀರು ಕೊಟ್ಟರು, ಕುಡಿದು ಎದ್ದು ಬಂದೆ. ಆ ಮನೆಗೆ ಮತ್ತೆ ಹೋಗಲಾಗಲಿಲ್ಲ.

ಆಮೇಲೂ ಬಹಳ ವರ್ಷ ಆ ಅಂಗಡಿಯಲ್ಲೇ ಇದ್ದೆ, ಇಂಥ ಯಂತ್ರಗಳನ್ನು ಆರಿಸಿಕೊಟ್ಟೆ. ಧೂಳು ಎಲ್ಲಿಗೂ ಹೋಗುವುದಿಲ್ಲ, ಯಂತ್ರ ಅದನ್ನು ಒಂದು ಕಡೆ ಕೂಡಿಸುತ್ತದೆ ಅಷ್ಟೇ. ಕೂಡಿಸಿದ್ದನ್ನು ಯಾರೋ ಒಬ್ಬರು ತೆರೆಯಲೇಬೇಕು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರುಗುವ ಜೀವವೇ ಆ ಕೆಲಸಕ್ಕೆ ಮುಂದಾಗುತ್ತದೆ. ಅದಕ್ಕೇ ಮೋಟರಿನ ಬಲ, ಬೆಲೆ, ಗ್ಯಾರಂಟಿ ಯಾವುದನ್ನೂ ಹೇಳುವ ಮೊದಲು ಒಂದು ಮಾತು ಕೇಳುತ್ತಿದ್ದೆ: "ನಿಮ್ಮ ಮನಿಯಾಗ ಡಬ್ಬಿ ಯಾರು ತೆರೀತಾರ?" ಗಿರಾಕಿಗಳು ನಕ್ಕು, ಹೆಚ್ಚಾಗಿ, ಪಕ್ಕದಲ್ಲಿ ಸುಮ್ಮನೆ ನಿಂತ ಹೆಂಗಸಿನ ಕಡೆ ಕೈ ತೋರಿಸುತ್ತಿದ್ದರು. ನಾನು ಅವರನ್ನು ಬಿಟ್ಟು ಆ ಹೆಂಗಸಿನ ಕಡೆ ತಿರುಗಿ, "ಉಸಿರಾಟ ಹ್ಯಾಂಗ ಅದ ತಂಗಿ?" ಎಂದು ಕೇಳುತ್ತಿದ್ದೆ.